ದೇವರ ಕೈ, ಮನುಷ್ಯನ ತೀರ್ಪು: ಸೇಲಂನ ಒಬ್ಬ ನ್ಯಾಯಾಧೀಶನ ಕಥೆ

1697ರ ಜನವರಿ 14ರಂದು ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಸಾರ್ವಜನಿಕ ಉಪವಾಸದ ದಿನ. ಬಾಸ್ಟನ್ ನಗರದ ಒಂದು ಚರ್ಚಿನಲ್ಲಿ ಮಧ್ಯಾಹ್ನದ ಪ್ರಾರ್ಥನೆಗೆ ಜನ ಸೇರಿದ್ದರು. ಧರ್ಮಗುರು ಸ್ಯಾಮ್ಯುಯಲ್ ವಿಲರ್ಡ್ ಆಸನಗಳ ನಡುವೆ ಹಾದುಹೋಗುವಾಗ ಸಭಿಕರಲ್ಲೊಬ್ಬ ಅವರ ಕೈಗೆ ಒಂದು ಚೀಟಿಯನ್ನಿತ್ತ. ವಿಲರ್ಡ್ ಅದನ್ನು ಓದತೊಡಗಿದಾಗ ಆ ವ್ಯಕ್ತಿ ತನ್ನ ಜಾಗದಲ್ಲಿ ಎದ್ದು ನಿಂತ. ಓದು ಮುಗಿಯುವವರೆಗೂ ನಿಂತೇ ಇದ್ದು, ಕೊನೆಗೆ ತಲೆಬಾಗಿ ಕುಳಿತ. ಅವನ ಹೆಸರು ಸ್ಯಾಮ್ಯುಯಲ್ ಸ್ಯೂವಲ್. ಹಾರ್ವರ್ಡ್‌ನಲ್ಲಿ ಓದಿದವನು, ಸಿರಿವಂತ ವರ್ತಕ, ವಸಾಹತಿನ ಉಚ್ಚ ನ್ಯಾಯಾಲಯದ ನ್ಯಾಯಾಧೀಶ. ಸೇಲಂನಲ್ಲಿ ನಡೆದ ಮಾಟಗಾತಿ ವಿಚಾರಣೆಗಳ ದೋಷದಲ್ಲಿ ತನ್ನ ಪಾಲು ಇತರರಿಗಿಂತ ಹೆಚ್ಚಿನದೆಂದೂ, ಅದರ ಅಪಕೀರ್ತಿಯನ್ನು ತಾನೇ ಹೊರಲು ಬಯಸುವುದಾಗಿಯೂ, ಜನರ ಕ್ಷಮೆಯನ್ನು ಕೋರುವುದಾಗಿಯೂ ಆ ಚೀಟಿಯಲ್ಲಿ ಬರೆದಿತ್ತು.

ಸೇಲಂ ಎಂದೊಡನೆ ಚೆನ್ನೈ ಕನ್ನಡಿಗರಿಗೆ ತಮಿಳುನಾಡಿನ ಊರು ನೆನಪಾಗುವುದು ಸಹಜ. ಇದು ಅಟ್ಲಾಂಟಿಕ್ ಕರಾವಳಿಯ ಬೇರೊಂದು ಸೇಲಂ. ಈ ಊರಿನ ಹೆಸರು ಶಾಂತಿ ಎಂಬರ್ಥದ ಹೀಬ್ರೂ ಮೂಲದಿಂದ ಬಂದದ್ದು. ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಆರ್ಥರ್ ಮಿಲ್ಲರ್ 1953ರಲ್ಲಿ ರಂಗಕ್ಕೆ ತಂದ ‘ದಿ ಕ್ರೂಸಿಬಲ್’ ನಾಟಕದ ಮೂಲಕ ಈ ಕಥೆಯ ಪರಿಚಯವಿರುತ್ತದೆ. ಆದರೆ ನಾಟಕವು ನೇಣುಗಂಬದ ಬಳಿ ಮುಗಿಯುತ್ತದೆ. ಅನಂತರದ ವರ್ಷಗಳಲ್ಲಿ ನಡೆದದ್ದು, ತೀರ್ಪು ಕೊಟ್ಟವರೊಳಗೆ ಏನಾಯಿತೆಂಬುದು, ನನಗೆ ನಾಟಕದಷ್ಟೇ ಮುಖ್ಯವಾಗಿ ಕಂಡಿದೆ. ದೇವರ ಮಾರ್ಗದರ್ಶನವನ್ನು ನಂಬುವುದಕ್ಕೂ ನೆರೆಯವನ ಮೇಲೆ ತೀರ್ಪು ಕೊಡುವುದಕ್ಕೂ ಇರುವ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಸಂಗಗಳು ಇತಿಹಾಸದಲ್ಲಿ ವಿರಳ.

ಆ ವಸಾಹತನ್ನು ಕಟ್ಟಿದ ಪ್ಯೂರಿಟನ್ನರು ದೇವರನ್ನು ಸದಾ ಸಮೀಪದಲ್ಲಿ ಕಂಡವರು. ಸಿಡಿಲು ಬಡಿದರೆ, ಬೆಳೆ ಕೆಟ್ಟರೆ, ಮಗು ಸತ್ತರೆ, ಹಡಗು ಸುರಕ್ಷಿತವಾಗಿ ದಡ ಮುಟ್ಟಿದರೆ ಅವರಿಗೆ ಅದು ಬರಿಯ ಘಟನೆಯಲ್ಲ. ದೇವರು ಏನನ್ನೋ ಹೇಳುತ್ತಿದ್ದಾನೆಂಬ ಸೂಚನೆ. ಸ್ಯೂವಲ್ 1674ರಿಂದ 1729ರವರೆಗೆ ದಿನಚರಿ ಬರೆದ. ಅದರ ತುಂಬ ಇಂಥ ಸೂಚನೆಗಳ ಓದು ಇದೆ. ಇನ್ನೊಂದೆಡೆ, ಯಾರು ಮೋಕ್ಷಕ್ಕೆ ಆಯ್ಕೆಯಾದವರು, ಯಾರು ಅಲ್ಲ ಎಂಬುದು ದೇವರೊಬ್ಬನಿಗೇ ಗೊತ್ತು ಎಂಬುದು ಅವರ ಸಿದ್ಧಾಂತದ ತಿರುಳು. ಈ ಎರಡನೆಯ ಮಾತನ್ನು ಅವರು ಕೊನೆಯವರೆಗೆ ನಂಬಿದ್ದಿದ್ದರೆ ಇನ್ನೊಬ್ಬರ ಆತ್ಮದ ಬಗ್ಗೆ ಯಾರೂ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ. 1692ರಲ್ಲಿ ಆ ಎಚ್ಚರ ತಪ್ಪಿತು.

ಆ ವರ್ಷದ ಜನವರಿಯಲ್ಲಿ ಸೇಲಂ ಗ್ರಾಮದ, ಅಂದರೆ ಇಂದಿನ ಡ್ಯಾನ್ವರ್ಸ್‌ನ, ಧರ್ಮಗುರು ಸ್ಯಾಮ್ಯುಯಲ್ ಪ್ಯಾರಿಸ್‌ನ ಮನೆಯಲ್ಲಿ ಅವನ ಒಂಬತ್ತು ವರ್ಷದ ಮಗಳಿಗೂ ಹನ್ನೊಂದು ವರ್ಷದ ಬಂಧು ಹುಡುಗಿಗೂ ವಿಚಿತ್ರವಾದ ಸೆಳವು, ಚೀರಾಟ ಆರಂಭವಾದವು. ಬಳಿಕ ಬೇರೆ ಹುಡುಗಿಯರಲ್ಲೂ ಅದೇ ಕಾಣಿಸಿಕೊಂಡಿತು. ಯಾರು ನಿಮ್ಮನ್ನು ಪೀಡಿಸುತ್ತಿದ್ದಾರೆ ಎಂದು ಹಿರಿಯರು ಕೇಳತೊಡಗಿದರು. ಮೊದಲು ಹೆಸರಿಸಲ್ಪಟ್ಟ ಮೂವರು ಪ್ಯಾರಿಸ್‌ನ ಮನೆಯ ಗುಲಾಮಳಾದ ಟಿಟುಬಾ, ಭಿಕ್ಷೆ ಬೇಡುತ್ತಿದ್ದ ಸಾರಾ ಗುಡ್, ಕಾಯಿಲೆಯಿಂದ ಚರ್ಚಿಗೆ ಬರುವುದನ್ನು ಬಿಟ್ಟಿದ್ದ ಸಾರಾ ಆಸ್ಬರ್ನ್. ಊರು ಮೊದಲೇ ಅನುಮಾನದಿಂದ ನೋಡುತ್ತಿದ್ದವರು ಅವರು. ಗಡಿಯಲ್ಲಿ ಮೂಲನಿವಾಸಿಗಳೊಡನೆ ಯುದ್ಧ ನಡೆಯುತ್ತಿತ್ತು, ಊರೊಳಗೆ ಮನೆತನಗಳ ನಡುವೆ ಭೂಮಿಯ ಮತ್ತು ಧರ್ಮಗುರುವಿನ ನೇಮಕದ ಜಗಳಗಳಿದ್ದವು. ಭಯಕ್ಕೆ ಒಂದು ಮುಖ ಬೇಕಾಗಿತ್ತು.

ಮೇ ತಿಂಗಳಲ್ಲಿ ಹೊಸದಾಗಿ ಬಂದ ರಾಜ್ಯಪಾಲ ವಿಲಿಯಂ ಫಿಪ್ಸ್ ವಿಶೇಷ ನ್ಯಾಯಾಲಯವೊಂದನ್ನು ನೇಮಿಸಿದ. ಉಪರಾಜ್ಯಪಾಲ ವಿಲಿಯಂ ಸ್ಟೋಟನ್ ಮುಖ್ಯ ನ್ಯಾಯಾಧೀಶ. ಸ್ಯೂವಲ್ ಪೀಠದ ಸದಸ್ಯರಲ್ಲೊಬ್ಬ. ಈ ನ್ಯಾಯಾಲಯವು ಒಪ್ಪಿಕೊಂಡ ಒಂದು ಬಗೆಯ ಸಾಕ್ಷ್ಯವೇ ಎಲ್ಲ ಅನರ್ಥಕ್ಕೂ ಬಾಗಿಲಾಯಿತು. ಪೀಡಿತಳೆನ್ನುವ ಹುಡುಗಿ, ಆರೋಪಿಯ ಛಾಯಾರೂಪ ನನ್ನ ಬಳಿ ಬಂದು ಹಿಂಡುತ್ತಿದೆ, ಕಚ್ಚುತ್ತಿದೆ ಎನ್ನುವಳು. ಆ ರೂಪ ಬೇರೆ ಯಾರಿಗೂ ಕಾಣದು. ಆರೋಪಿ ಆ ಹೊತ್ತಿನಲ್ಲಿ ಹತ್ತು ಮೈಲಿ ದೂರದಲ್ಲಿದ್ದರೂ ಪ್ರಯೋಜನವಿಲ್ಲ. ಏಕೆಂದರೆ ಬಂದದ್ದು ದೇಹವಲ್ಲ, ಛಾಯೆ. ನೋಡಿದವಳೊಬ್ಬಳೇ ಸಾಕ್ಷಿ. ಅದನ್ನು ಸುಳ್ಳೆಂದು ತೋರಿಸುವ ದಾರಿಯೇ ಇರಲಿಲ್ಲ. ಧರ್ಮಗುರುಗಳ ಗುಂಪೊಂದು ಜೂನ್ ಮಧ್ಯದಲ್ಲಿ ಇಂಥ ಸಾಕ್ಷ್ಯದ ವಿಷಯದಲ್ಲಿ ಎಚ್ಚರಿಕೆ ಬೇಕೆಂದು ಬರೆದುಕೊಟ್ಟಿತು. ಅದೇ ಪತ್ರದ ಕೊನೆಯಲ್ಲಿ ವಿಚಾರಣೆಯನ್ನು ಬಿರುಸಿನಿಂದ ನಡೆಸಬೇಕೆಂದೂ ಹೇಳಿತು. ನ್ಯಾಯಾಧೀಶರು ಎರಡನೆಯ ಮಾತನ್ನು ಕೇಳಿಸಿಕೊಂಡರು. ಜೂನ್ 10ರಂದು ಮೊದಲನೆಯವಳಾಗಿ ಬ್ರಿಜೆಟ್ ಬಿಷಪ್‌ಳನ್ನು ನೇಣಿಗೇರಿಸಿದ ಮೇಲೆ ಪೀಠದ ನಥಾನಿಯಲ್ ಸಾಲ್ಟನ್‌ಸ್ಟಾಲ್ ಎಂಬವನು ಅತೃಪ್ತನಾಗಿ ಹೊರನಡೆದ. ಸ್ಯೂವಲ್ ಉಳಿದ.

ಇನ್ನೂ ಒಂದು ವಿಪರ್ಯಾಸವಿತ್ತು. ತಪ್ಪೊಪ್ಪಿಕೊಂಡು ಇತರರ ಹೆಸರು ಹೇಳಿದವರು ಗಲ್ಲಿನಿಂದ ಪಾರಾದರು. ನಾನು ನಿರಪರಾಧಿ ಎಂದು ಕೊನೆಯವರೆಗೆ ಹೇಳಿದವರು ಗಲ್ಲಿಗೆ ಹೋದರು. ಒಂದು ಸುಳ್ಳು ಪ್ರಾಣವನ್ನು ಉಳಿಸುತ್ತಿತ್ತು. ಆ ಸುಳ್ಳನ್ನು ಹೇಳಲೊಪ್ಪದವರಲ್ಲಿ ರೆಬೆಕಾ ನರ್ಸ್ ಒಬ್ಬಳು.

ರೆಬೆಕಾಗೆ ಆಗ 71 ವರ್ಷ. ಊರಿನಲ್ಲಿ ಧರ್ಮಭೀರು ಎಂದು ಹೆಸರಾದವಳು, ದೊಡ್ಡ ಸಂಸಾರದ ಹಿರಿಯಳು. ಅವಳ ಹೆಸರು ಹುಡುಗಿಯರ ಬಾಯಲ್ಲಿ ಕೇಳಿಬಂದಾಗ ನೆರೆಯವರು ಕೆಲವರು ಅವಳನ್ನು ನೋಡಲು ಹೋದರು. ಅವರು ಬರೆದಿಟ್ಟ ಹೇಳಿಕೆ ಇಂದಿಗೂ ಉಳಿದಿದೆ. ಸುಮಾರು ಒಂದು ವಾರದಿಂದ ಅವಳು ಹಾಸಿಗೆ ಹಿಡಿದಿದ್ದಳು. ತನ್ನ ಮೇಲೆ ಆರೋಪವಿರುವುದು ಅವಳಿಗಿನ್ನೂ ತಿಳಿದಿರಲಿಲ್ಲ. ಅವಳಾಗಿಯೇ ಪೀಡಿತ ಮಕ್ಕಳ ಮಾತೆತ್ತಿ, ಅವರಿಗಾಗಿ ಮರುಗಿದಳು. ಆರೋಪಿತರಲ್ಲಿ ಕೆಲವರು ತನ್ನಂತೆಯೇ ನಿರಪರಾಧಿಗಳಿರಬಹುದೆಂದಳು. ಆಗ ಬಂದವರು ವಿಷಯ ತಿಳಿಸಿದರು. ಅವಳು ಸ್ವಲ್ಪ ಹೊತ್ತು ಸ್ತಬ್ಧಳಾಗಿ ಕುಳಿತು, ಹಾಗಿದ್ದರೆ ದೇವರ ಚಿತ್ತದಂತೆ ಆಗಲಿ ಎಂದಳು. ಅನಂತರ, ಮುಪ್ಪಿನಲ್ಲಿ ಇಂಥ ಸಂಕಟವನ್ನು ತನಗೆ ತರುವಂತೆ, ತಾನಿನ್ನೂ ಪಶ್ಚಾತ್ತಾಪಪಡದ ಯಾವ ಪಾಪವನ್ನು ದೇವರು ತನ್ನಲ್ಲಿ ಕಂಡನೋ ಎಂದು ತನ್ನನ್ನೇ ಪ್ರಶ್ನಿಸಿಕೊಂಡಳು.

ಈ ಪ್ರಶ್ನೆಯನ್ನು ನಿಧಾನವಾಗಿ ಗಮನಿಸಬೇಕು. ಸಂಕಟವನ್ನು ದೇವರ ಸೂಚನೆಯೆಂದು ಓದುವ ಅಭ್ಯಾಸ ರೆಬೆಕಾಗೂ ಇತ್ತು, ಅವಳನ್ನು ವಿಚಾರಿಸಿದವರಿಗೂ ಇತ್ತು. ಮಕ್ಕಳ ಸೆಳವನ್ನು ಕಂಡ ನ್ಯಾಯಾಧೀಶರು, ದೇವರು ನಮಗೆ ತೋರಿಸುತ್ತಿರುವ ಪಾಪಿ ಯಾರು ಎಂದು ಊರಿನಲ್ಲಿ ಹುಡುಕಿದರು. ಅದೇ ವಿಪತ್ತು ತನ್ನ ಮನೆಬಾಗಿಲಿಗೆ ಬಂದಾಗ ರೆಬೆಕಾ ತನ್ನೊಳಗೆ ಹುಡುಕಿದಳು. ಅವಳಿಗೆ ಹುಡುಗಿಯರನ್ನು ಶಪಿಸಲು ಕಾರಣವಿತ್ತು, ದ್ವೇಷ ಸಾಧಿಸುತ್ತಿದ್ದ ಮನೆತನದ ಹೆಸರೆತ್ತಲು ಅವಕಾಶವಿತ್ತು. ಅವಳ ಮೊದಲ ಮಾತಿನಲ್ಲಿ ಅದಾವುದೂ ಇಲ್ಲ.

ಮರುದಿನಗಳಲ್ಲಿ ಜಾನ್ ಹಾಥಾರ್ನ್ ಅವಳನ್ನು ವಿಚಾರಿಸಿದ. (ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಇವನ ವಂಶದವನು, ಆ ಪಿತ್ರಾರ್ಜಿತ ಲಜ್ಜೆ ಅವನ ಬರಹಗಳ ಮೇಲೆ ಉದ್ದಕ್ಕೂ ನೆರಳು ಚೆಲ್ಲಿದೆ.) ದೇವರ ಮುಂದೆ ತಾನು ನಿರಪರಾಧಿ, ಅವನೇ ಅದನ್ನು ಬೆಳಕಿಗೆ ತರುವನು ಎಂದು ರೆಬೆಕಾ ಉತ್ತರಿಸಿದಳು. ಸುಮಾರು 40 ಜನ ನೆರೆಹೊರೆಯವರು ಅವಳ ಪರವಾಗಿ ಸಹಿ ಹಾಕಿ ಅರ್ಜಿ ಸಲ್ಲಿಸಿದರು. ಆ ದಿನಗಳಲ್ಲಿ ಹಾಗೆ ಸಹಿ ಹಾಕಲು ಧೈರ್ಯ ಬೇಕಿತ್ತು. ಜೂನ್ ಕೊನೆಯಲ್ಲಿ ತೀರ್ಪುಗಾರರ ಮಂಡಳಿ ಅವಳು ನಿರ್ದೋಷಿ ಎಂದೇ ಹೇಳಿತು. ಹುಡುಗಿಯರು ಚೀರಿದರು. ಆಗ ಸ್ಟೋಟನ್, ಸಹಬಂದಿಯೊಬ್ಬಳ ಬಗ್ಗೆ ರೆಬೆಕಾ ನಮ್ಮವಳು ಎಂಬರ್ಥದಲ್ಲಿ ಆಡಿದ ಮಾತನ್ನು ಗಮನಿಸಿದಿರಾ ಎಂದು ಮಂಡಳಿಯನ್ನು ಕೇಳಿದ. ಮಂಡಳಿಯವರು ಆ ಮಾತಿನ ಅರ್ಥವೇನೆಂದು ಅವಳನ್ನೇ ಪ್ರಶ್ನಿಸಿದರು. ಅವಳು ಉತ್ತರಿಸಲಿಲ್ಲ. ತೀರ್ಪು ಬದಲಾಯಿತು. ತನಗೆ ಕಿವಿ ಮಂದವೆಂದೂ, ದುಃಖದಲ್ಲಿ ಪ್ರಶ್ನೆಯೇ ಕೇಳಿಸಲಿಲ್ಲವೆಂದೂ, ತನ್ನೊಡನೆ ಸೆರೆಯಲ್ಲಿರುವವಳು ಎಂಬಷ್ಟೇ ತನ್ನ ಮಾತಿನ ಅರ್ಥವಾಗಿತ್ತೆಂದೂ ಅವಳು ಆಮೇಲೆ ವಿವರಿಸಿದಳು. ಜುಲೈ 3ರಂದು ಚರ್ಚು ಅವಳಿಗೆ ಬಹಿಷ್ಕಾರ ಹಾಕಿತು. ಜುಲೈ 19ರಂದು ಅವಳನ್ನು ನೇಣಿಗೇರಿಸಿದರು.

ಅವಳ ತಂಗಿ ಮೇರಿ ಈಸ್ಟಿಗೂ ಅದೇ ಗತಿಯಾಯಿತು. ಸಾಯುವ ಮುನ್ನ ಅವಳು ಬರೆಸಿದ ಅರ್ಜಿಯಲ್ಲಿ ತನ್ನ ಪ್ರಾಣಭಿಕ್ಷೆ ಇಲ್ಲ. ತನ್ನ ಬಳಿಕವಾದರೂ ನಿರಪರಾಧಿಗಳ ರಕ್ತ ಹರಿಯದಂತೆ ನ್ಯಾಯಾಧೀಶರು ಎಚ್ಚರ ವಹಿಸಲಿ ಎಂಬ ವಿನಂತಿಯಿದೆ. ಅವರು ಬುದ್ಧಿಪೂರ್ವಕವಾಗಿ ಅನ್ಯಾಯ ಮಾಡುವವರಲ್ಲವೆಂದೂ, ತಿಳಿಯದೆ ದಾರಿ ತಪ್ಪಿದ್ದಾರೆಂದೂ ಅವಳು ನಂಬಿದ್ದಳು. ತನಗೆ ಮರಣದಂಡನೆ ವಿಧಿಸಿದವರ ಅಂತರಂಗದ ಬಗ್ಗೆ ಅವಳು ತೋರಿದ ಈ ಔದಾರ್ಯದ ಒಂದಂಶವನ್ನೂ ಪೀಠವು ಅವಳಿಗೆ ತೋರಿರಲಿಲ್ಲ. ಸೆಪ್ಟೆಂಬರ್ 22ರಂದು ಅವಳೂ ಸೇರಿ ಎಂಟು ಜನರನ್ನು ಕೊಂದದ್ದೇ ಕೊನೆಯ ವಧೆ. ಒಟ್ಟು 19 ಜನ ನೇಣಿಗೇರಿದರು. ಗೈಲ್ಸ್ ಕೋರಿ ಎಂಬ ವೃದ್ಧನನ್ನು ಕಲ್ಲುಗಳ ಭಾರದಡಿ ಅದುಮಿ ಕೊಂದರು. ಸೆರೆಮನೆಯಲ್ಲಿ ಕಡೆಯಪಕ್ಷ ಐವರು ಸತ್ತರು. ಅಕ್ಟೋಬರ್‌ನಲ್ಲಿ ಫಿಪ್ಸ್ ಆ ನ್ಯಾಯಾಲಯವನ್ನು ಕೊನೆಗೊಳಿಸಿದ. ಮರುವರ್ಷ ಛಾಯಾರೂಪದ ಸಾಕ್ಷ್ಯವನ್ನು ಕೈಬಿಟ್ಟೊಡನೆ ಉಳಿದ ಮೊಕದ್ದಮೆಗಳು ಬಹುಪಾಲು ಕುಸಿದುಬಿದ್ದವು.

ಸ್ಯೂವಲ್ ಮೌನವಾಗಿದ್ದ. ನಾಲ್ಕು ವರ್ಷಗಳ ಕಾಲ ಅವನು ಬಹಿರಂಗವಾಗಿ ಏನನ್ನೂ ಹೇಳಲಿಲ್ಲ. ಅವನಿಗೂ ಅವನ ಪತ್ನಿ ಹ್ಯಾನಾಳಿಗೂ 14 ಮಕ್ಕಳು ಹುಟ್ಟಿ ಹೆಚ್ಚಿನವರು ಎಳವೆಯಲ್ಲೇ ತೀರಿಕೊಂಡರು. 1696ರ ಮೇ ತಿಂಗಳಲ್ಲಿ ಒಂದು ಗಂಡುಮಗು ಸತ್ತೇ ಹುಟ್ಟಿತು. ಡಿಸೆಂಬರ್ 23ರಂದು ಎರಡು ವರ್ಷದ ಸಾರಾ ತೀರಿಕೊಂಡಳು. ಮರುದಿನ, ಮಗುವಿನ ಶವ ಮನೆಯಲ್ಲಿರುವಾಗಲೇ, ಹಿರಿಯ ಮಗ ಸ್ಯಾಮ್ ತಂದೆಯ ಮುಂದೆ ಮತ್ತಾಯನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದ ಕೆಲವು ವಾಕ್ಯಗಳನ್ನು ಲ್ಯಾಟಿನ್‌ನಲ್ಲಿ ಓದಿ ಒಪ್ಪಿಸಿದ. ಅದರ ಏಳನೆಯ ವಾಕ್ಯದ ತಾತ್ಪರ್ಯವಿಷ್ಟು: ದೇವರು ಬಯಸುವುದು ಬಲಿಯನ್ನಲ್ಲ, ಕರುಣೆಯನ್ನು, ಇದನ್ನರಿತವರು ನಿರ್ದೋಷಿಗಳಿಗೆ ದೋಷ ಹೊರಿಸುತ್ತಿರಲಿಲ್ಲ. ಆ ವಾಕ್ಯ ಸೇಲಂನ ದುರಂತವನ್ನು ಭಯಂಕರವಾಗಿ ನೆನಪಿಗೆ ತಂದಿತೆಂದು ಸ್ಯೂವಲ್ ದಿನಚರಿಯಲ್ಲಿ ದಾಖಲಿಸಿದ. ಮೂರು ವಾರಗಳ ಬಳಿಕ ಅವನು ಚರ್ಚಿನಲ್ಲಿ ಎದ್ದು ನಿಂತ.

ತನ್ನ ಮತ್ತು ತನ್ನ ಮನೆಯವರ ಮೇಲೆ ದೇವರ ಏಟುಗಳು ಮತ್ತೆ ಮತ್ತೆ ಬಿದ್ದಿರುವುದನ್ನು ಚೀಟಿಯ ಮೊದಲಿಗೇ ಅವನು ಹೇಳುತ್ತಾನೆ. ಇಲ್ಲಿ ಅನುಮಾನಕ್ಕೆ ಎಡೆಯಿದೆ. ಅವನನ್ನು ಎಬ್ಬಿಸಿ ನಿಲ್ಲಿಸಿದ್ದು ನ್ಯಾಯಪ್ರಜ್ಞೆಯೋ, ಉಳಿದ ಮಕ್ಕಳನ್ನು ಕಳೆದುಕೊಳ್ಳುವ ಭಯವೋ? ಎರಡೂ ಇದ್ದಿರಬೇಕು. ಮಕ್ಕಳ ಸಾವನ್ನು ಶಿಕ್ಷೆಯೆಂದು ಓದುವ ದೇವಶಾಸ್ತ್ರ ಇಂದಿನ ನಮಗೆ ಒಪ್ಪಿಗೆಯಾಗಬೇಕಿಲ್ಲ. ಆದರೆ ಅವನು ತನ್ನ ನಂಬಿಕೆಯ ಭಾಷೆಯಲ್ಲೇ ಯೋಚಿಸಬಲ್ಲವನಾಗಿದ್ದ. ಆ ಭಾಷೆಯಲ್ಲಿ ಈಗ ಅವನು ಕೇಳಿದ ಪ್ರಶ್ನೆ, ಐದು ವರ್ಷಗಳ ಹಿಂದೆ ಹಾಸಿಗೆ ಹಿಡಿದಿದ್ದ ರೆಬೆಕಾ ನರ್ಸ್ ಕೇಳಿಕೊಂಡ ಪ್ರಶ್ನೆಯೇ ಆಗಿತ್ತು: ನನ್ನಲ್ಲಿ ಉಳಿದಿರುವ ಪಾಪ ಯಾವುದು? ನೇಣಿಗೆ ಹೋದವಳು ಮೊದಲ ದಿನವೇ ನಿಂತಿದ್ದ ಜಾಗಕ್ಕೆ ಬರಲು ನ್ಯಾಯಾಧೀಶನಿಗೆ ಅಷ್ಟು ಕಾಲ ಹಿಡಿಯಿತು.

ಚೀಟಿಯಲ್ಲಿ ಇಲ್ಲದ ಸಂಗತಿಗಳೂ ಮುಖ್ಯ. ಹುಡುಗಿಯರು ಮೋಸ ಮಾಡಿದರೆಂದು ಅವನು ಹೇಳಲಿಲ್ಲ. ಮುಖ್ಯ ನ್ಯಾಯಾಧೀಶನ ಒತ್ತಡವಿತ್ತೆನ್ನಲಿಲ್ಲ. ಕಾಲವೇ ಹಾಗಿತ್ತು, ಎಲ್ಲರೂ ನಂಬಿದ್ದರು ಎನ್ನಲಿಲ್ಲ. ತಪ್ಪೊಪ್ಪಿಗೆಯನ್ನು ಇನ್ನೊಂದು ಆರೋಪಪಟ್ಟಿಯನ್ನಾಗಿ ಮಾಡುವುದು ಎಷ್ಟು ಸುಲಭ ಎಂಬುದನ್ನು ಬಲ್ಲವರಿಗೆ ಈ ಸಂಯಮದ ಬೆಲೆ ತಿಳಿದೀತು. ಅದೇ ವರ್ಷ ತೀರ್ಪುಗಾರರ ಮಂಡಳಿಯ 12 ಜನರೂ ಸಹಿ ಹಾಕಿ ಕ್ಷಮೆ ಕೋರಿದರು. 1706ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ ಅನೇಕರ ಮೇಲೆ ಆರೋಪ ಹೊರಿಸಿದ್ದ ಆನ್ ಪಟ್ನಮ್, ತನ್ನ ಹಳ್ಳಿಯ ಚರ್ಚಿನಲ್ಲಿ ನಿಂತು ಕ್ಷಮೆ ಬೇಡಿದಳು; ರೆಬೆಕಾಳ ಹೆಸರನ್ನು ಅವಳು ವಿಶೇಷವಾಗಿ ಎತ್ತಿಕೊಂಡಳು. ಸ್ಟೋಟನ್ ಮಾತ್ರ ಎಂದೂ ಕ್ಷಮೆ ಕೇಳಲಿಲ್ಲ. ಆ ಉಪವಾಸದ ದಿನವನ್ನು ಘೋಷಿಸಿದ ಹಂಗಾಮಿ ಆಡಳಿತಗಾರ ಅವನೇ ಆಗಿದ್ದನೆಂಬುದು ಈ ಕಥೆಯ ಕಹಿಯಾದ ಅಂಶ. ಆದರೂ ಸ್ಯೂವಲ್ ಅವನತ್ತ ಬೆರಳು ತೋರಲಿಲ್ಲ. ಸ್ಟೋಟನ್‌ನ ಲೆಕ್ಕ ಅವನಿಗೂ ದೇವರಿಗೂ ಬಿಟ್ಟದ್ದಾಗಿತ್ತು.

ಇನ್ನೊಬ್ಬರ ಮೇಲೆ ತೀರ್ಪು ಕೊಡುವುದನ್ನು ಬಿಡಬೇಕೆಂದಾಗ ಎದುರಾಗುವ ಆಕ್ಷೇಪವೊಂದಿದೆ: ಹಾಗಾದರೆ ನ್ಯಾಯ ನಡೆಯುವುದು ಹೇಗೆ, ಅಪರಾಧಿಗೆ ಶಿಕ್ಷೆಯೇ ಬೇಡವೆ? ಸ್ಯೂವಲ್‌ನ ಮುಂದಿನ ಬಾಳು ಇದಕ್ಕೆ ಉತ್ತರವಾಗಿದೆ. ಅವನು ಕ್ಷಮೆ ಕೋರಿದ ಬಳಿಕ ಸನ್ಯಾಸಿಯಾಗಲಿಲ್ಲ. ಇನ್ನೂ ಮೂವತ್ತು ವರ್ಷಗಳಷ್ಟು ಕಾಲ ನ್ಯಾಯಾಧೀಶನಾಗಿದ್ದ, ಕೊನೆಯ ಹತ್ತು ವರ್ಷ ಮುಖ್ಯ ನ್ಯಾಯಾಧೀಶನಾಗಿದ್ದ. 1700ರಲ್ಲಿ ಗುಲಾಮಗಿರಿಯನ್ನು ವಿರೋಧಿಸಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದ; ನ್ಯೂ ಇಂಗ್ಲೆಂಡಿನಲ್ಲಿ ಆ ಬಗೆಯ ಮೊದಲ ಮುದ್ರಿತ ಬರಹ ಅದು. ಆಫ್ರಿಕನ್ನರ ಬಗ್ಗೆ ಅವನ ಕಾಲದ ಪೂರ್ವಗ್ರಹ ಅದರಲ್ಲೂ ಉಳಿದಿದೆ, ಅವನು ಸಂತನೇನಲ್ಲ. ಆದರೆ ಕೃತ್ಯವನ್ನು ಅನ್ಯಾಯವೆಂದು ಹೇಳುವ ಧೈರ್ಯ ಅವನಿಗೆ ಕುಂದಿರಲಿಲ್ಲ. ಕೃತ್ಯವನ್ನು ಎಲ್ಲರೂ ಕಾಣಬಹುದಾದ ಸಾಕ್ಷ್ಯದಿಂದ ಅಳೆಯುವುದು ನ್ಯಾಯಾಲಯದ ಕೆಲಸ. ಕಾಣದ ಅಂತರಂಗವನ್ನು ಕಂಡೆನೆಂದು ಹೇಳುವುದು ಸೇಲಂನಲ್ಲಿ ನಡೆದದ್ದು.

ಛಾಯಾರೂಪದ ಸಾಕ್ಷ್ಯ ಹದಿನೇಳನೆಯ ಶತಮಾನದೊಂದಿಗೆ ಮುಗಿಯಿತೆಂದು ಹೇಳಲಾರೆವು. ಮಾಟಗಾತಿಯೆಂಬ ಹಣೆಪಟ್ಟಿಯ ವಿರುದ್ಧ ಬಿಹಾರ 1999ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು; ಆ ಪಿಡುಗು ಇನ್ನೂ ಅಳಿದಿಲ್ಲ. ಇನ್ನು ಸುಶಿಕ್ಷಿತರಾದ ನಮ್ಮ ವಲಯದಲ್ಲಿ ಅದು ಸೌಮ್ಯ ರೂಪದಲ್ಲಿ ಇರುತ್ತದೆ. ಅವನು ಯಾವ ಉದ್ದೇಶದಿಂದ ಹಾಗೆಂದ ಎಂಬುದು ನನಗೆ ಗೊತ್ತು, ಅವಳ ನಮಸ್ಕಾರದ ಹಿಂದೆ ಏನಿತ್ತೆಂದು ನನಗೆ ಗೊತ್ತು ಎನ್ನುವಾಗ ನಮ್ಮೊಬ್ಬರಿಗೇ ಕಂಡ ಛಾಯೆಯನ್ನೇ ಸಾಕ್ಷಿ ಕರೆಯುತ್ತೇವೆ. ಸರಕಾರಿ ನೌಕರರಿಗೆ ಇದರ ಒಂದು ಪರಿಚಿತ ರೂಪವಿತ್ತು: ವಾರ್ಷಿಕ ಗೋಪ್ಯ ವರದಿ. ಅಧಿಕಾರಿಯೊಬ್ಬ ತನ್ನ ಕೈಕೆಳಗಿನವನ ಸ್ವಭಾವ, ಪ್ರಾಮಾಣಿಕತೆಗಳ ಬಗ್ಗೆ ಬರೆದದ್ದು ಪ್ರತಿಕೂಲವೆಂದು ಎಣಿಸದ ಹೊರತು ಆ ನೌಕರನ ಕಣ್ಣಿಗೆ ಬೀಳುತ್ತಿರಲಿಲ್ಲ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇವ್ ದತ್ ಪ್ರಕರಣದಲ್ಲಿ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕೆಂದು ಹೇಳಿತು. ಮರುವರ್ಷ ಕೇಂದ್ರ ಸರಕಾರ ವರದಿಯ ಹೆಸರಿನಿಂದ ಗೋಪ್ಯ ಎಂಬ ಪದವನ್ನೇ ತೆಗೆಯಿತು. ಮೌಲ್ಯಮಾಪನ ನಿಲ್ಲಲಿಲ್ಲ, ಮಾಪನಕ್ಕೊಳಗಾದವನಿಗೆ ಉತ್ತರಿಸುವ ಅವಕಾಶ ಬಂತು, ಅಷ್ಟೆ. ರೆಬೆಕಾಗೆ ದೊರೆಯದೆ ಹೋದದ್ದು ಅಂಥ ಅವಕಾಶವೇ: ಕೇಳಿಸದ ಪ್ರಶ್ನೆಯನ್ನು ಇನ್ನೊಮ್ಮೆ ಗಟ್ಟಿಯಾಗಿ ಕೇಳುವವರು ಅಲ್ಲಿರಲಿಲ್ಲ.

ದೇವರು ನಡೆಸುತ್ತಾನೆಂದು ನಂಬುವವನಿಗೆ ತೀರ್ಪಿನ ಆತುರವಿರಬೇಕಾಗಿಲ್ಲ. ಲೋಕದ ಲೆಕ್ಕವನ್ನೆಲ್ಲ ಇಂದೇ, ತಾನೇ ಮುಗಿಸಬೇಕೆನ್ನುವವನು ಬಾಯಲ್ಲಿ ದೇವರ ಹೆಸರು ಹೇಳಿದರೂ, ದೇವರು ಆ ಕೆಲಸ ಮಾಡಿಯಾನೆಂದು ನಂಬಿದವನಲ್ಲ. ಸೇಲಂನ ಪೀಠದಲ್ಲಿದ್ದವರು ತಮ್ಮನ್ನು ದೇವರು ನಡೆಸುತ್ತಿದ್ದಾನೆಂದುಕೊಂಡಿದ್ದರು. ಕಟಕಟೆಯಲ್ಲಿದ್ದ ವೃದ್ಧೆಯೂ ಹಾಗೆಯೇ ಅಂದುಕೊಂಡಿದ್ದಳು. ಒಂದು ನಂಬಿಕೆ ಅವಳನ್ನು ಕೊಂದಿತು, ಇನ್ನೊಂದು ಅವಳನ್ನು ಸುಳ್ಳಿನಿಂದ ಕಾಪಾಡಿತು. ಇವೆರಡರಲ್ಲಿ ತನ್ನದು ಯಾವುದೆಂದು ತಿಳಿಯಲು ಆಸ್ತಿಕನಿಗೆ ಇರುವ ಒಂದು ಒರೆಗಲ್ಲು, ಆ ನಂಬಿಕೆ ಮೊದಲು ಯಾರನ್ನು ಪ್ರಶ್ನಿಸುತ್ತದೆ ಎಂಬುದು.

ರೆಬೆಕಾ ನಂಬಿದ್ದ ಬೆಳಕು ಬಂದದ್ದು ಬಹಳ ತಡವಾಗಿ. 1711ರಲ್ಲಿ ವಸಾಹತಿನ ಸರಕಾರ ಅವಳೂ ಸೇರಿದಂತೆ ಅನೇಕರ ಮೇಲಿನ ಶಿಕ್ಷೆಯ ಕಳಂಕವನ್ನು ಅಳಿಸಿ, ಕುಟುಂಬಗಳಿಗೆ ಪರಿಹಾರ ಕೊಟ್ಟಿತು. 1712ರಲ್ಲಿ ಸೇಲಂ ಚರ್ಚು ಅವಳ ಬಹಿಷ್ಕಾರವನ್ನು ರದ್ದುಮಾಡಿತು. ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಎಲಿಜಬೆತ್ ಜಾನ್ಸನ್ ಎಂಬವಳ ಹೆಸರು 2022ರವರೆಗೂ ಕಾಯಬೇಕಾಯಿತು. ಶಾಲಾ ಮಕ್ಕಳು ತಮ್ಮ ಶಿಕ್ಷಕಿಯೊಡನೆ ಬೆನ್ನುಹತ್ತಿ ಅವಳನ್ನೂ ದೋಷಮುಕ್ತಳನ್ನಾಗಿಸಿದರು. ಸ್ಯೂವಲ್ 1730ರ ಜನವರಿ 1ರಂದು ತೀರಿಕೊಂಡ. ಮ್ಯಾಸಚೂಸೆಟ್ಸ್‌ನ ಶಾಸನಸಭೆಯ ಭಿತ್ತಿಚಿತ್ರವೊಂದರಲ್ಲಿ ಅವನು ಇಂದಿಗೂ ನಿಂತಿದ್ದಾನೆ. ಅಲ್ಲಿ ಅವನು ತೀರ್ಪು ಕೊಡುತ್ತಿಲ್ಲ. ತನ್ನ ಚೀಟಿಯನ್ನು ಇನ್ನೊಬ್ಬರು ಓದುವುದನ್ನು ತಲೆತಗ್ಗಿಸಿ ಕೇಳುತ್ತಿದ್ದಾನೆ.